ಕೊಯಮತ್ತೂರಿಗೆ ಹೋಗಿಬರುವ ಭಾನುವಾರ

ಧನುರ್ಮಾಸ ಹಿಡಿದಿತ್ತು. ಮಳೆ ಹಿಂದೆಗೆದು ಚೆನ್ನೈಗೆ ಅಪರೂಪದ ತಂಪು ಬಂದಿದ್ದ ದಿನಗಳು. ಮಾಂಬಲದ ಬೀದಿಗಳಲ್ಲಿ ಹೆಂಗಸರು ರಂಗೋಲಿ ಮುಗಿಸಿ ಒಳಗೆ ಹುಗ್ಗಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ರಂಜನಿ ವಿಮಾನ ನಿಲ್ದಾಣದಲ್ಲಿ ಲ್ಯಾಪ್‌ಟಾಪನ್ನು ಟ್ರೇಗೆ ಹಾಕಿ ಕೈ ಅಗಲಿಸಿಕೊಂಡು ತಪಾಸಣೆಗೆ ನಿಂತಿದ್ದಳು. ಊರೂರಿನ ಕಾರ್ಖಾನೆಗಳಿಗೆ ಹೋಗಿ ಪಂಪು ಕೂಡಿಸಿ ನಡೆಸಿ ತೋರಿಸುವುದು ಅವಳ ಕೆಲಸ. ಹಾಗೆ ನಿಂತು ನಿಂತು ಅವಳ ತೋಳುಗಳು ಈಗ ಯಾರೂ ಹೇಳದೆಯೇ ಮೇಲೇಳುತ್ತಿದ್ದವು.

ಆದರೆ ಈ ದಿನ ಕೊಯಮತ್ತೂರಿನಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ಹೋಗಿ, ಅದೇ ವಿಮಾನದಲ್ಲಿ ವಾಪಸು ಬರಬೇಕು. ವರ್ಷ ಮುಗಿಯುವುದರೊಳಗೆ ಇನ್ನು ಇಷ್ಟು ಹಾರಿದರೆ ವಿಮಾನ ಕಂಪನಿ ಕೊಟ್ಟ ಅವಳ ಗೋಲ್ಡ್ ಕಾರ್ಡು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಈ ಭಾನುವಾರ ಅವಳನ್ನು ಮದುವೆಯಾಗಲು ಕಾಯುತ್ತಿರುವ ಸತ್ಯಾತ್ಮನಿಗೆ ಸೇರಬೇಕಾದದ್ದು. ದೀಪಾವಳಿಯಿಂದ ಬಾಕಿ. ಅವನ ಮನೆಗೆ ಹೋಗಿ ಹುಗ್ಗಿ ಉಂಡು, ಅವನ ತಾಯಿ ಜಯಲಕ್ಷ್ಮಮ್ಮನ ಎದುರು ಒಂದು ಮಾತು ಹೇಳಬೇಕಿತ್ತು: ಕಂಪನಿ ಇಲ್ಲೇ ಚೆನ್ನೈಯ ಗಿಂಡಿಯ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದಿದೆ, ಒಪ್ಪಿಕೊಳ್ಳುತ್ತೇನೆ, ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ ನೋಡಿ, ಎಂದು. ಕಂಪನಿಗೆ ಸೋಮವಾರ ಉತ್ತರ ಕೊಡಬೇಕು. ಒಪ್ಪಿದರೆ ಈ ಓಡಾಟವೂ ಇಲ್ಲ, ಕಾರ್ಡೂ ಇಲ್ಲ. ಆದರೂ ಅವಳು ಹೋಗಿ ಕೊಯಮತ್ತೂರಿಗೆ ಟಿಕೆಟ್ ತೆಗೆದಳು.

ಸತ್ಯಾತ್ಮ ಜಗಳವಾಡಲಿಲ್ಲ. ಭಾನುವಾರ ನಮ್ಮದು ತಾನೇ, ಎಲ್ಲಿ ಕಳೆದರೇನು ಎಂದು ತಾನೂ ಅದೇ ವಿಮಾನಕ್ಕೆ ಟಿಕೆಟ್ ತೆಗೆದ.

ಅವಳ ಕಾರ್ಡಿನಿಂದ ಇಬ್ಬರಿಗೂ ಪ್ರವೇಶ ಸಿಕ್ಕ ಲೌಂಜಿನ ಸೋಫಾದ ತುದಿಯಲ್ಲಿ ಅವನು ಬೀಗರ ಮನೆಗೆ ಮೊದಲ ಸಲ ಬಂದವನ ಹಾಗೆ ಕೂತಿದ್ದ. ತೊಡೆಯ ಮೇಲೆ ಅಮ್ಮ ಕಟ್ಟಿಕೊಟ್ಟ ಹುಗ್ಗಿಯ ಡಬ್ಬಿ. ಗಿಂಡಿಯಲ್ಲಿರುವ ಅವನ ಲೇತ್ ವರ್ಕ್‌ಶಾಪಿನ ಎಣ್ಣೆಮಸಿ ಎಷ್ಟು ಉಜ್ಜಿದರೂ ಉಗುರಂಚಿನಲ್ಲಿ ಉಳಿದಿತ್ತು. ಅವಳು ಅದನ್ನೇ ನೋಡುತ್ತಿರುವುದು ಕಂಡು ಬೆರಳು ಮಡಚಿಕೊಂಡ. ಅವಳು ಬೇಕೆಂದೇ ಇನ್ನೊಂದು ಕೈ ನೋಡಿದಳು. ಅದನ್ನೂ ಮಡಚಿ ನಕ್ಕ.

ಕಾರ್ಡಿನಿಂದ ಏನೇನು ಸಿಗುತ್ತದೆ ಎಂದು ಕೇಳಿದ. ಕ್ಯೂ ಇಲ್ಲ, ಈ ಸೋಫಾ, ಈ ಇಡ್ಲಿ, ಸೂಟ್‌ಕೇಸು ಮೊದಲು ಬರುತ್ತದೆ, ಅದೃಷ್ಟವಿದ್ದರೆ ಮುಂದಿನ ಅಗಲದ ಸೀಟು ಎಂದಳು.

"ಮನೆಗೆ ಬೇಗ ಕಳಿಸ್ತಾರಾ?"

"ಅದೊಂದು ಇಲ್ಲ."

"ಮತ್ತೆ ಯಾಕ್ ಮಾ ಇದು?"

"ಸೈಟಲ್ಲಿ ನನ್ನ ಮುಂದೇನೇ ನಿಂತು, ಇಂಜಿನಿಯರ್ ಯಾವಾಗ ಬರ್ತಾರೆ ಅಂತ ಕೇಳ್ತಾರೆ ಕಣೋ. ಇಲ್ಲಿ ಹೆಸರು ಹಿಡಿದು ಬನ್ನಿ ಅಂತಾರೆ. ಸುಸ್ತಾದವಳಿಗೆ ಅದೇ ದೊಡ್ಡದು."

ಅವನು ನಗಲಿಲ್ಲ. ಅದು ದೊಡ್ಡದೇ ಎಂದ.

ಗೇಟಿನಲ್ಲಿದ್ದ ಹುಡುಗಿ ಹೊಸ ಬೋರ್ಡಿಂಗ್ ಪಾಸ್ ಕೊಟ್ಟು, ರಂಜನಿ ಮೇಡಂಗೆ ಎರಡನೇ ಸಾಲಿಗೆ ಅಪ್‌ಗ್ರೇಡ್ ಆಗಿದೆ ಎಂದಳು. ಬೇಡ ಎನ್ನಬಹುದಿತ್ತು. ಅಷ್ಟರಲ್ಲಿ, ನೇಗಿಲ ಸಾಲು ಮುಗಿದಲ್ಲಿ ಎತ್ತು ಹೇಳದೆಯೇ ತಿರುಗುವ ಹಾಗೆ, ಅವಳ ಕಾಲು ಮುಂದಿನ ಸೀಟಿಗೆ ತಿರುಗಿಬಿಟ್ಟಿತ್ತು. "ಹೋಗು, ಪರ್ವಾಯಿಲ್ಲೆ," ಎಂದು ಸತ್ಯಾತ್ಮ ಡಬ್ಬಿ ಅವುಚಿಕೊಂಡು ಹಿಂದಕ್ಕೆ ನಡೆದ.

ನಡುವೆ ಪರದೆ ಎಳೆದರು. ಪಿಂಗಾಣಿ ತಟ್ಟೆಯ ಉಪ್ಪಿಟ್ಟನ್ನು ಅವಳು ಪಕ್ಕಕ್ಕೆ ಸರಿಸಿದಳು. ಇವನಿಗೆ ಕೊಡುತ್ತೇನೆಂದ ದಿನದಲ್ಲಿ ಇವನ ಪಾಲಿಗೆ ಬಂದದ್ದು ಪರದೆಯ ಆಚೆ ಬದಿ ಎಂದುಕೊಂಡಳು.

ಕೊಯಮತ್ತೂರಿನಲ್ಲಿ ಅವಳು ಎಲ್ಲರಿಗಿಂತ ಮೊದಲು ಇಳಿದು ಕಾದಳು. ಅವನು ಎಲ್ಲರಿಗಿಂತ ಕೊನೆಗೆ ಬಂದ. ಡಬ್ಬಿ ತೆರೆದಿರಲಿಲ್ಲ.

"ತಿನ್ಲಿಲ್ವಾ?"

"ಅಮ್ಮ ಇಬ್ಬರಿಗೆ ಕಟ್ಟಿದ್ದು."

ವಾಪಸಿನ ವಿಮಾನಕ್ಕೂ ಅವಳಿಗೆ ಮುಂದಿನ ಸೀಟೇ ಬಂದಿತ್ತು. ತನ್ನನ್ನು ಹಿಂದೆ ಇವರ ಪಕ್ಕ ಹಾಕಿ ಎಂದು ಕೌಂಟರಿನಲ್ಲಿ ಕೇಳಿದಳು. ಹಿಂದೆ ಭರ್ತಿ ಎಂದರು. ಸತ್ಯಾತ್ಮ ಅವಳನ್ನು ಪಕ್ಕಕ್ಕೆ ಕರೆದ.

"ಇಷ್ಟು ಬಂದು ಬಿಡೋದಾ? ಇದೊಂದು ಹತ್ತಿಳಿದ್ರೆ ನಿನ್ ಕಾರ್ಡು ನಿನಗೇ. ಹೋಗಿ ಕೂತ್ಕೋ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತು ಇತ್ತು. ಆ ಸುಸ್ತಿನ ಗುರುತು ಅವಳಿಗೆ ಸಿಕ್ಕಿತು. ಹತ್ತಿಳಿದು ಓಡಾಡಿದವಳು ತಾನು. ಅದರ ಸುಸ್ತೆಲ್ಲ ಹೋಗಿ ಅವನ ಮುಖದಲ್ಲಿ ಕೂತಿತ್ತು. ಅವಳು ಅವನ ಮಸಿಬೆರಳು ಹಿಡಿದುಕೊಂಡು ಹೊರಗೆ ಬಂದು, ರೈಲ್ವೆ ಸ್ಟೇಷನ್ನಿಗೆ ಆಟೋ ಕೇಳಿದಳು.

ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಡಬ್ಬಿ ತೆರೆದರು. ಹುಗ್ಗಿ ಆರಿ ಗಟ್ಟಿಯಾಗಿತ್ತು. ಮುಚ್ಚಳದಲ್ಲಿ ಅವಳಿಗೆ, ಡಬ್ಬಿಯಲ್ಲಿ ಅವನಿಗೆ. ಗೋಡಂಬಿಯನ್ನೆಲ್ಲ ಅವನು ಮುಚ್ಚಳಕ್ಕೆ ದಾಟಿಸಿದ.

"ರೈಲಲ್ಲಿ ಸೀಟ್ ಸಿಗದಿದ್ರೆ?" ಎಂದ.

"ಬಾಗಿಲ ಹತ್ರ ಕೂರೋಣ. ಪಕ್ಕಪಕ್ಕ ಇದ್ರಾಯ್ತು."

ಅವನ ಅಮ್ಮನ ಫೋನು ಬಂತು. ಅವಳು ಎಡಗೈಯಲ್ಲಿ ಫೋನು ಕಿತ್ತುಕೊಂಡಳು. "ಅಮ್ಮಾ, ಹುಗ್ಗಿ ತಿಂತಾ ಇದೀವಿ. ಸಂಕ್ರಾಂತಿ ಆದ್ಮೇಲೆ ದಿನ ಯಾವುದು ಚೆನ್ನಾಗಿದೆ ನೋಡಿ. ನಾನು ಇನ್ಮೇಲೆ ಚೆನ್ನೈಲೇ ಇರ್ತೀನಿ."

ಸತ್ಯಾತ್ಮ ಚಮಚ ಹಿಡಿದವನು ಹಿಡಿದ ಹಾಗೆಯೇ ಇದ್ದ.

ಫೋನು ಇಟ್ಟು ಕೇಳಿದಳು. "ನಿನ್ ಭಾನುವಾರದ ಬಾಕಿ ತೀರಿತಾ?"

ಅವನು ನೆತ್ತಿಗೆ ಬಂದ ಬಿಸಿಲು ನೋಡಿದ. "ಅರ್ಧ. ಇನ್ನರ್ಧ ದಿನ ಇದೆಯಲ್ಲ."

ಅವಳು ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ರೈಲು ತಡವಾಗಿ ಬರುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದರು. ಆಗಲಿ, ಎಂದುಕೊಂಡಳು.