ಪಟದ ಹಾಗಿರದ ಹುಡುಗಿ

ಅಂದು ಬೆಳಗಿನಿಂದಲೇ ಮೋಡ ಕವಿದಿತ್ತು. ಗಾಳಿಯೇ ಇಲ್ಲದ ಸೆಕೆ. ಗುಲ್ವಾಡಿಯ ಹೊಳೆಬದಿಯಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ ಹೊತ್ತು ನಡೆಯುತ್ತಿದ್ದ ಸರಸಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಬರ್ಮಾದಲ್ಲಿ ಯುದ್ಧ. ರಂಗೂನಿನಿಂದ ಓಡಿಬಂದ ಬಾಗಿ, ಮಗಳು ವನಜಳೊಂದಿಗೆ ಹೊಳೆಬದಿಯ ಖಾಲಿ ಬಿಡಾರದಲ್ಲಿ ಇಳಿದುಕೊಂಡಿದ್ದಳು. ಅವರಿಗೆ ಕೊಟ್ಟು ಬಾ ಎಂದು ಸರಸಳ ಅಬ್ಬಿ, ಅಂದರೆ ಅವಳ ಅಮ್ಮ, ಕುಚ್ಚಲಕ್ಕಿ ಕಳಿಸಿದ್ದಳು.

ಓಡಿಬಂದವರು ಹೇಗಿರುತ್ತಾರೆಂದು ಸರಸಳಿಗೆ ಗೊತ್ತಿತ್ತು. ಅಣ್ಣಯ್ಯನ ಅಂಗಡಿ ಗೋಡೆಗೆ ಪೇಪರಿನ ಪಟವೊಂದನ್ನು ಅಂಟಿಸಿದ್ದರು. ಉದ್ದ ಸಾಲು, ಹರಿದ ಬಟ್ಟೆ, ಕೆದರಿದ ತಲೆ. ಶಾಲೆ ಬಿಟ್ಟ ಮಕ್ಕಳೆಲ್ಲ ಅದನ್ನು ನೋಡಿಯೇ ಮನೆಗೆ ಹೋಗುತ್ತಿದ್ದರು.

ಆದರೆ ಬಾಗಿಲಲ್ಲಿ ನಿಂತಿದ್ದ ವನಜಳ ಹೂವಿನ ಫ್ರಾಕು ಶುಭ್ರವಾಗಿತ್ತು. ತಲೆ ಬಾಚಿ ಜಡೆ ಹಾಕಿತ್ತು. ಮನೆಗೆ ಬಂದವರಿಗೆ ಕೊಡುವಂತೆ ಬಾಗಿ ಬೆಲ್ಲದ ಚೂರು, ನೀರು ತಂದಿಟ್ಟಳು.

ಇವರಿಗೆ ಬೆಲ್ಲವೂ ಇದೆ, ಫ್ರಾಕೂ ಇದೆ ಎಂದುಕೊಂಡ ಸರಸ, ಬುಟ್ಟಿಯ ಮಾತೆತ್ತದೆ ಎದ್ದು ಬಂದಳು.

"ಎಂತ ಹೆಣ್ಣೇ, ಅಕ್ಕಿ ವಾಪಾಸ್ ತಂದೆ?" ಎಂದಳು ಅಬ್ಬಿ.

"ಅವ್ರ್ ಪಟದಲ್ ಇದ್ದಾಂಗಿಲ್ಲ ಅಬ್ಬಿ. ನಂಗೇ ಬೆಲ್ಲ ಕೊಟ್ರ್."

ಆ ಮಾತು ಬಾವಿಕಟ್ಟೆಗೂ ಹೋಯಿತು. ಬೇರೆ ಮನೆಯವರು ಕೊಡಬೇಕೆಂದಿದ್ದ ಅಕ್ಕಿ, ಕಾಯಿ ಅವರವರಲ್ಲೇ ಉಳಿಯಿತು. ಶಾಲೆಯ ತಿಮ್ಮ ವನಜಳನ್ನು ಕಂಡಲ್ಲೆಲ್ಲ, "ಹ್ವಾಯ್, ರಂಗೂನ್ ರಾಣಿ" ಎಂದು ಕರೆಯತೊಡಗಿದ. ಸರಸಳೂ ನಕ್ಕಳು.

ಎರಡು ದಿನ ಕಳೆದು ಸಣ್ಣ ಮಳೆ ಹಿಡಿಯಿತು. ಮಳೆ ಬಿಟ್ಟಾಗ ಸರಸ ವನಜಳನ್ನು ಆಟಕ್ಕೆ ಕರೆಯಲು ಹೋದಳು. ಫ್ರಾಕು ಒಣಗಿಲ್ಲ, ಬರುವುದಿಲ್ಲ ಎಂದು ವನಜ ಒಳಗಿಂದಲೇ ಹೇಳಿದಳು.

"ಬೇರೆ ಹಾಕಂಡ್ ಬಾ."

ಸರಸ ಇಣುಕಿದಳು. ವನಜ ಅಮ್ಮನ ಹರಿದ ಸೀರೆಯ ತುಂಡು ಸುತ್ತಿಕೊಂಡು ಮೂಲೆಯಲ್ಲಿದ್ದಳು. ಅನ್ನದ ಮಡಕೆ ಬೋರಲು ಬಿದ್ದಿತ್ತು. ಒಲೆಯ ಮೇಲೆ ಹಲಸಿನ ಬೀಜವಷ್ಟೇ ಬೇಯುತ್ತಿತ್ತು. ಪಕ್ಕದಲ್ಲಿ ಬೆಲ್ಲದ ಭರಣಿ, ತೊಳೆದಿಟ್ಟ ಹಾಗೆ ಖಾಲಿ.

ದಾರಿಯಲ್ಲಿ ನೀವೂ ಪಟದಲ್ಲಿ ಇದ್ದವರ ಹಾಗೇ ಇದ್ದಿರಾ ಎಂದು ಸರಸ ಒಲೆಯ ಮುಂದಿದ್ದ ಬಾಗಿಯನ್ನು ಮೆಲ್ಲಗೆ ಕೇಳಿದಳು.

"ಹೌದ್ ಮಗಾ," ಎಂದಳು ಬಾಗಿ. "ಊರ್ ಹತ್ರ ಬಂದ್ ಮೇಲೆ ಹೊಳೇಲ್ ಮಿಂದ್, ಇದ್ದೊಂದ್ ಫ್ರಾಕ್ ತೊಳ್ದ್ ಹಾಕ್ದೆ. ದೇವ್ರ್ ಇಪ್ಪ ಊರಿಗೆ ಕೊಳೆ ಬಟ್ಟೆಯಲ್ಲೇ ಬಪ್ಕ್ ಆತ್ತಾ?"

ಸರಸ ಮನೆಗೆ ಓಡಿಬಂದು ಎಲ್ಲ ಹೇಳಿದಳು. ಅಬ್ಬಿ ಬೈಯಲಿಲ್ಲ. ಬುಟ್ಟಿಗೆ ಅಕ್ಕಿ ತುಂಬುತ್ತ, "ನಾನೂ ಹೋಯಿ ಕಾಣ್ಕಿತ್, ನಿನ್ ಮಾತ್ ನಂಬಿ ಕೂತೆ" ಎಂದಳು, ಅಷ್ಟೆ.

ಬುಟ್ಟಿ ಹೊತ್ತು ಹೊರಟ ಸರಸ ಅಂಗಡಿಯ ಎದುರು ಒಮ್ಮೆ ನಿಂತಳು. ಈ ಸಲ ಪಟದಲ್ಲಿ ಬಟ್ಟೆ ನೋಡಲಿಲ್ಲ, ಮುಖ ಹುಡುಕಿದಳು. ಅಚ್ಚಿನ ಮಸಿಯಲ್ಲಿ ಒಂದು ಮುಖವೂ ಸರಿಯಾಗಿ ಕಾಣಲಿಲ್ಲ.

ಬಿಡಾರದ ಜಗಲಿಯಲ್ಲಿ ಬುಟ್ಟಿಯನ್ನು ಬಾಗಿಯ ಮುಂದೆ ಹಿಡಿದಳು.

"ಇದ್ ಮೊನ್ನೆಯದ್ದ್, ಬಾಗಿಯಕ್ಕ. ನಿಮ್ದೇ. ನಾ ವಾಪಾಸ್ ತಕಂಡ್ ಹೋದದ್ದ್."

ಬಾಗಿ ಎರಡೂ ಕೈಯಲ್ಲಿ ಬುಟ್ಟಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಒಳಗೆ ಹೋದಳು. ಒಲೆ ಊದುವ ಸದ್ದು ಕೇಳುವವರೆಗೂ ಸರಸ ತಲೆ ತಗ್ಗಿಸಿ ಅಲ್ಲೇ ನಿಂತಿದ್ದಳು.