ಪಿಜನೆಟ್ಸ್ ಗುಂಪಿನ ನಡುವಿನ ಧ್ವನಿ

"ನಿಲ್ಸು, ನಿಲ್ಸು," ಎಂದಳು ವರ್ನೀಟಾ. "ಅರ್ಡೆಲ್ಲಾ, ಯಾಕೆ ಹಾಗೆ ಅರಚ್ತೀಯ?"

"ಅರಚ್ಲಿಲ್ಲ. ಹಾಡ್ದೆ," ಎಂದಳು ಅರ್ಡೆಲ್ಲಾ.

"ನಿಂದು ನಡುವಿನ ಧ್ವನಿ. ಅದು ಯಾರಿಗೂ ಕೇಳಿಸ್ಬೇಕಾಗಿಲ್ಲ. ಜನ ಕೇಳೋದು ನನ್ನನ್ನ."

ಕೆಳಗಿನ ಮೆಟ್ಟಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ, ಗುಂಪಿನ ಮೂರನೆಯವಳಾದ ಕ್ಲೋ ತಲೆಯೆತ್ತಿದಳು. "ನನ್ನನ್ನೂ ಕೇಳ್ತಾರೆ. ನಾನು ಬಾಯಿಬಿಟ್ರೆ ಕಿಟಕಿ ಗಾಜು ಅದುರುತ್ತೆ," ಎಂದಳು. ಅದು ಸುಳ್ಳೇನಲ್ಲ. ಕ್ಲೋಗೆ ಹನ್ನೊಂದು ವರ್ಷ, ಆದರೆ ಅವಳ ಧ್ವನಿ ಚರ್ಚಿನಲ್ಲಿ ಹಾಡುವ ಗಂಡಸರ ಧ್ವನಿಯಷ್ಟೇ ದಪ್ಪ.

ಅರ್ಡೆಲ್ಲಾ ಒಳಗೊಳಗೇ ಕುದಿಯುತ್ತಿದ್ದಳು. ವರ್ನೀಟಾ ಅವಳ ದೊಡ್ಡಮ್ಮನ ಮಗಳು. ವಯಸ್ಸಿನಲ್ಲಿ ಎರಡೇ ವರ್ಷ ದೊಡ್ಡವಳು, ಜಂಬದಲ್ಲಿ ಇಪ್ಪತ್ತು ವರ್ಷ.

ಅದು ೧೯೫೭ನೇ ಇಸವಿ. ಶಿಕಾಗೊದ ದಕ್ಷಿಣ ಭಾಗದ ಕಪ್ಪು ಜನರ ಬೀದಿಗಳಲ್ಲಿ ಆಗ ಹಾಡದ ಮಕ್ಕಳೇ ಇರಲಿಲ್ಲ. ಬೀದಿ ಮೂಲೆಯ ದೀಪದ ಕಂಬ ಮಾತ್ರ ದೊಡ್ಡ ಹುಡುಗರ ಆಸ್ತಿ. ಹುಡುಗಿಯರು ಅತ್ತ ಸುಳಿದರೆ ಗೇಲಿ ಮಾಡಿ ಓಡಿಸುತ್ತಿದ್ದರು. ಅದಕ್ಕೇ ಈ ಮೂವರು ತಮ್ಮ ಹಳೇ ಕಟ್ಟಡದ ಮೆಟ್ಟಿಲನ್ನು ಹಿಡಿದುಕೊಂಡಿದ್ದರು. ಅಲ್ಲಿ ಹಾಡಿದರೆ ಧ್ವನಿ ಮೇಲಿನ ಮಹಡಿಯವರೆಗೆ ಹೋಗಿ, ಎರಡರಷ್ಟು ದೊಡ್ಡದಾಗಿ ವಾಪಸ್ಸು ಬರುತ್ತಿತ್ತು.

ಹಕ್ಕಿಯ ಹೆಸರಿಟ್ಟುಕೊಳ್ಳುವುದು ಆಗಿನ ಗುಂಪುಗಳ ರೂಢಿ. ಒಳ್ಳೊಳ್ಳೆ ಹಕ್ಕಿಗಳನ್ನೆಲ್ಲ ದೊಡ್ಡವರು ಬಾಚಿಕೊಂಡಾಗಿತ್ತು. ಉಳಿದದ್ದು ತಾರಸಿಯ ಪಾರಿವಾಳ ಒಂದೇ. ಪಾರಿವಾಳ ಅಂದರೆ ಪಿಜನ್, ಹಾಗಾಗಿ ಇವರು 'ಪಿಜನೆಟ್ಸ್' ಆದರು.

ಮಾರನೆಯ ದಿನ ಪಿಜನೆಟ್ಸ್‌ಗೆ ದೊಡ್ಡ ಪರೀಕ್ಷೆ ಕಾದಿತ್ತು. ರೇಡಿಯೋ ಸ್ಟೇಷನ್ನಿನ ಮಿಸ್ಟರ್ ಪರ್ನೆಲ್ ಮಕ್ಕಳ ಗುಂಪುಗಳ ಹಾಡು ಕೇಳುವವರಿದ್ದರು. ಅವರು ಒಪ್ಪಿದ ಗುಂಪು ಶನಿವಾರ ರೇಡಿಯೋದಲ್ಲಿ ಹಾಡುತ್ತದೆ. ಆಗ ಕ್ಷೌರದಂಗಡಿಯಲ್ಲಿ, ಮಾಂಸದಂಗಡಿಯಲ್ಲಿ, ಎಲ್ಲರ ಅಡುಗೆಮನೆಯಲ್ಲಿ ಅದೇ ಹಾಡು. ದೀಪದ ಕಂಬದ ಹುಡುಗರೂ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ಸಂಜೆ ಅಮ್ಮ ಅರ್ಡೆಲ್ಲಾಳನ್ನು ಒಲೆಯ ಪಕ್ಕ ಕೂರಿಸಿಕೊಂಡಳು. ಬೆಂಕಿಯ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದ ಅವಳ ಗುಂಗುರು ಕೂದಲನ್ನು ನೇರ ಮಾಡತೊಡಗಿದಳು. ಚುಂಯ್ ಎಂದು ಎಣ್ಣೆಯ ಹೊಗೆ ಎದ್ದಿತು.

"ಅಮ್ಮಾ, ಎಲ್ರಿಗೂ ನನ್ನ ಧ್ವನಿ ಕೇಳ್ಬೇಕು. ವರ್ನೀಟಾ ಥರ ಮುಂದಾಳಾಗಿ ನಾನೂ ಲೀಡ್ ಯಾಕೆ ಹಾಡ್ಬಾರ್ದು?"

"ಹಾಡು, ಯಾರು ಬೇಡ ಅಂದ್ರು? ಈಗ ಮಾತ್ರ ಕಿವಿ ಮಡಚ್ಕೊಂಡು ಅಲ್ಲಾಡದೆ ಕೂತ್ಕೋ ಮರೀ. ಇಲ್ದಿದ್ರೆ ಕಿವಿ ಸುಟ್ಕೊಂಡಿರೋ ಹಾಡುಗಾರ್ತಿ ಆಗ್ತೀಯ."

ಅರ್ಡೆಲ್ಲಾ ಅಲ್ಲಾಡದೆ ಕೂತಳು. ನಾಳೆ ಏನಾದರಾಗಲಿ, ಎಲ್ಲರಿಗೂ ಕೇಳುವ ಹಾಗೆ ಹಾಡಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ನಿರ್ಧರಿಸಿದಳು.

ಮರುದಿನ ಹೋಗಿ ನೋಡಿದರೆ, ಸ್ಟೇಷನ್ನಿನ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದರು. ನೆಲಕ್ಕೆ ಮೆತ್ತನೆಯ ಕಾರ್ಪೆಟ್. ಮೂವರೂ ಮೆಟ್ಟಿಲ ಮೇಲೆ ನಿಲ್ಲುವಂತೆಯೇ ಸಾಲಾಗಿ, ದೂರ ದೂರ ನಿಂತರು. ವರ್ನೀಟಾ ತಾನೇ ಕಟ್ಟಿದ ಹಾಡು ಶುರು ಮಾಡಿದಳು. ಬಾರದ ಬಸ್ಸಿಗಾಗಿ ಕಾಯುವ ಹುಡುಗಿಯ ಹಾಡು ಅದು.

ಧ್ವನಿ ಬಾಯಿಂದ ಹೊರಬಂತು, ಅಷ್ಟೇ. ಎಲ್ಲೂ ಹೋಗಲಿಲ್ಲ, ವಾಪಸ್ಸೂ ಬರಲಿಲ್ಲ.

ವರ್ನೀಟಾ ಗಾಬರಿಯಾಗಿ ಗಂಟಲು ಏರಿಸಿದಳು. ಕ್ಲೋ ಅವಳಿಗಿಂತ ಜೋರಾಗಿ ಗುಡುಗಿದಳು. ಅರ್ಡೆಲ್ಲಾ ಕಾಯುತ್ತಿದ್ದದ್ದೇ ಅದಕ್ಕೆ. ಕುತ್ತಿಗೆಯ ನರ ಉಬ್ಬುವಂತೆ ಹಾಡಿದಳು. ಬಸ್ಸು ಬಂದಿದ್ದರೂ ಹೆದರಿ ಹಿಂದಕ್ಕೆ ಹೋಗುತ್ತಿತ್ತು.

ಮಿಸ್ಟರ್ ಪರ್ನೆಲ್ ಕೈಯೆತ್ತಿದರು. "ಎಲ್ಲಿ ಪ್ರಾಕ್ಟೀಸ್ ಮಾಡ್ತೀರಮ್ಮಾ?"

"ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಸರ್," ಎಂದಳು ವರ್ನೀಟಾ.

"ಅದೇ ಅಂದ್ಕೊಂಡೆ. ಇಲ್ಲಿಗೆ ಬರೋರಲ್ಲಿ ಅರ್ಧ ಜನ ಮೆಟ್ಟಿಲಿನವರೇ. ಅಲ್ಲಿ ಗೋಡೇನೂ ನಿಮ್ಮ ಜೊತೆ ಹಾಡುತ್ತೆ. ಇಲ್ಲಿ ಹಾಡಲ್ಲ. ಮುಂದಿನ ಗುಂಪು ಮುಗಿಸೋದ್ರೊಳಗೆ ಸರಿ ಮಾಡ್ಕೊಳ್ಳಿ. ಇನ್ನೊಂದೇ ಸಲ ಕೇಳ್ತೀನಿ."

ಹೊರಗೆ ಬಂದದ್ದೇ ತಡ, ವರ್ನೀಟಾ ಅರ್ಡೆಲ್ಲಾಳ ಕಡೆ ತಿರುಗಿದಳು. "ಎಲ್ಲಾ ನಿನ್ನಿಂದ. ಈ ಸಲ ನಾನೂ ಕ್ಲೋನೂ ಇಬ್ರೇ ಹಾಡ್ತೀವಿ. ನೀನು ಕೋಟು ಕಾಯ್ತಾ ಕೂತಿರು."

"ನೀವೂ ಅರಚಿದ್ರಿ."

"ಕೋಟು ಕಾಯಿ ಅಂದೆ."

ಅರ್ಡೆಲ್ಲಾ ಕೋಟುಗಳ ನಡುವೆ ಬೆಂಚಿನ ಮೇಲೆ ಕೂತಳು. ಕಣ್ಣು ತುಂಬಿ ಬಂತು. ಶನಿವಾರ ಎಲ್ಲರೂ ರೇಡಿಯೋ ಕೇಳುವಾಗ ತಾನೂ ಅಡುಗೆಮನೆಯಲ್ಲಿ ಕೂತು ಕೇಳಬೇಕು.

ಅವರಿಬ್ಬರೂ ಮೆಲ್ಲಗೆ ಹಾಡಿ ನೋಡಿದರು. ವರ್ನೀಟಾ ಮೇಲೆಲ್ಲೋ ಇದ್ದಳು, ಕ್ಲೋ ಕೆಳಗೆಲ್ಲೋ ಇದ್ದಳು. ನಡುವೆ ಏನೂ ಇಲ್ಲ. ಮತ್ತೆ ಶುರು ಮಾಡಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ವರ್ನೀಟಾ ಶ್ರುತಿ ಬಿಟ್ಟಳು. ಅವಳಿಗೇ ಅದು ಗೊತ್ತಾಗಿ ಹಣೆ ಬೆವರಿತು.

ಮೂರನೇ ಸಲ ಅರ್ಡೆಲ್ಲಾಗೆ ತಡೆಯಲಾಗಲಿಲ್ಲ. ಹಾಡಬೇಕೆಂದು ಹಾಡಿದ್ದಲ್ಲ, ದಿನವೂ ಹಾಡಿದ ಬಾಯಿ ತಾನಾಗಿಯೇ ಗುನುಗಿತು. ಬಾಯಿ ಮುಚ್ಚಿಕೊಂಡೇ ಸಣ್ಣಗೆ ತನ್ನ ಸ್ವರ ಹಿಡಿದಳು. ವರ್ನೀಟಾಳ ಧ್ವನಿ ತಟ್ಟನೆ ಜಾಗಕ್ಕೆ ಬಂದು ಕೂತಿತು. ಇಬ್ಬರೂ ಹಾಡು ನಿಲ್ಲಿಸಿ ಅವಳನ್ನೇ ನೋಡಿದರು.

ವರ್ನೀಟಾ ಸಾರಿ ಕೇಳುವ ಪೈಕಿ ಅಲ್ಲ. ಕಾಲಿನ ಬೂಟನ್ನೇ ನೋಡುತ್ತಾ, "ಕೋಟು ಎಲ್ಲೂ ಓಡಿ ಹೋಗಲ್ಲ. ಬಾ," ಎಂದಳು.

"ಬರ್ತೀನಿ. ಆದ್ರೆ ಸಾಲಾಗಿ ನಿಂತ್ರೆ ನನಗೆ ನೀವು ಕೇಳ್ಸಲ್ಲ. ತಲೆಗೆ ತಲೆ ತಾಗೋ ಹಾಗೆ ದುಂಡಗೆ ನಿಲ್ಲೋಣ."

"ನಾನು ಲೀಡ್. ನಾನು ಮುಂದೆ ನಿಲ್ಬೇಕು."

"ರೇಡಿಯೋದಲ್ಲಿ ನಿನ್ನ ಮುಖ ಯಾರೇ ನೋಡ್ತಾರೆ?" ಎಂದಳು ಕ್ಲೋ.

ವರ್ನೀಟಾಗೂ ನಗು ಬಂತು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಈ ಸಲ ಮೂವರೂ ಮೈಕಿನ ಸುತ್ತ ಒತ್ತಿಕೊಂಡು ನಿಂತರು. ಕ್ಲೋಳ ಬಾಯಿಂದ ಕಡಲೆಕಾಯಿ ವಾಸನೆ ಬರುತ್ತಿತ್ತು. ವರ್ನೀಟಾ ಶುರು ಮಾಡಿದಳು. ಅರ್ಡೆಲ್ಲಾ ಒಂದು ಕಿವಿಯಲ್ಲಿ ಅವಳನ್ನು, ಇನ್ನೊಂದು ಕಿವಿಯಲ್ಲಿ ಕ್ಲೋಳನ್ನು ಕೇಳುತ್ತಾ ತನ್ನ ಸ್ವರ ಸೇರಿಸಿದಳು.

ಎರಡನೇ ಸಾಲಿನಲ್ಲಿ ಅವಳಿಗೆ ತನ್ನ ಧ್ವನಿ ಬೇರೆಯಾಗಿ ಕೇಳಿಸುವುದೇ ನಿಂತುಹೋಯಿತು. ಇನ್ನೇನು ಗಂಟಲು ಏರಿಸಬೇಕು, ಅಷ್ಟರಲ್ಲಿ ಎದುರಿಗಿದ್ದ ವರ್ನೀಟಾಳ ಮುಖ ನೋಡಿದಳು. ವರ್ನೀಟಾ ಕಣ್ಣು ಮುಚ್ಚಿ, ಏನೂ ಕಷ್ಟವಿಲ್ಲದವಳಂತೆ ಹಾಡುತ್ತಿದ್ದಳು. ಗೋಡೆ ಸುಮ್ಮನೇ ಇದ್ದರೂ ಹಾಡು ಮೂವರಿಗಿಂತ ದೊಡ್ಡದಾಗಿತ್ತು. ಅರ್ಡೆಲ್ಲಾ ಗಂಟಲು ಏರಿಸಲಿಲ್ಲ. ಕೊನೆಯವರೆಗೂ ಹಾಗೆಯೇ ಹಾಡಿದಳು.

ಮಿಸ್ಟರ್ ಪರ್ನೆಲ್, "ಶನಿವಾರ ಬೆಳಗ್ಗೆ ಬಂದ್ಬಿಡಿ. ತಡ ಮಾಡ್ಬೇಡಿ," ಎಂದರು. ಕ್ಲೋ ಅರ್ಡೆಲ್ಲಾಳ ಬೆನ್ನಿಗೊಂದು ಗುದ್ದಿದಳು.

"ನಡುವಿನ ಧ್ವನಿ ಯಾರದಮ್ಮಾ?"

"ನಂದು ಸರ್," ಎಂದಳು ಅರ್ಡೆಲ್ಲಾ.

"ಎಷ್ಟು ಕಿವಿಗೊಟ್ಟು ಹುಡುಕಿದ್ರೂ ಬೇರೆಯಾಗಿ ಸಿಗಲಿಲ್ವಲ್ಲ."

ವರ್ನೀಟಾ ತಂಗಿಯ ಪರವಾಗಿ ಏನೋ ಹೇಳಲು ಬಾಯಿ ತೆರೆದಳು. ಅರ್ಡೆಲ್ಲಾ ಅವಳಿಗಿಂತ ಮೊದಲೇ ಉತ್ತರ ಕೊಟ್ಟಳು.

"ಸಿಗಬಾರ್ದು ಸರ್."