ಬಲಗೈಯಲ್ಲಿ ಸಿಕ್ಕ ದೋಷ

ದೋಷಮೂಲ ಶೋಧಕ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ನೋಡುವುದಕ್ಕೆ ಊಟದ ಡಬ್ಬಿಯಷ್ಟಿತ್ತು. ಅದರಿಂದ ಹೊರಟ ಒಂದೇ ಒಂದು ತಂತಿ ಹಳೆಯ ಅಗೆಯುವ ಯಂತ್ರದ ಸೀಟಿನ ಹಿಂದಿದ್ದ ಕಿಂಡಿಯೊಳಗೆ ಹೋಗಿತ್ತು. ಇಳಕಲ್ಲಿನ ಹೊರಗೆ, ಹೆದ್ದಾರಿಯ ಬದಿಯಲ್ಲಿದ್ದ ಸೆಕೆಂಡ್ ಹ್ಯಾಂಡ್ ಯಂತ್ರಗಳ ಯಾರ್ಡಿನಲ್ಲಿ ಮೂವರು ಅದರ ತೀರ್ಪಿಗಾಗಿ ಕಾಯುತ್ತಿದ್ದರು: ಯಾರ್ಡಿನ ಮಾಲೀಕರಾದ ಮಹಾಂತಪ್ಪ ಕಂಠಿ, ಶೋಧಕವನ್ನು ಕಂಡುಹಿಡಿದ ಡಾ. ವತ್ಸಲಾ ಗುಳೇದ, ಮತ್ತು ಆ ಯಂತ್ರವನ್ನು ಗ್ರಾನೈಟ್ ಕ್ವಾರಿಯಲ್ಲಿ ಹೊಸದಿದ್ದಾಗಿನಿಂದಲೂ ಓಡಿಸಿದ ಆಪರೇಟರ್ ದಾವಲಸಾಬ ನದಾಫ.

ಮೂವರಲ್ಲಿ ಹೆಚ್ಚು ಆತಂಕವಿದ್ದುದು ದಾವಲಸಾಬನಿಗೆ. ಆ ಕಸುಬಿನಲ್ಲಿ ಹಳೆಯ ಗಾಡಿಯನ್ನು ಮಾರಿದರೆ ಆಪರೇಟರನೂ ಅದರ ಜೊತೆಗೇ ಹೋಗುವುದು ರೂಢಿ. ಗಾಡಿಯ ಹಟ, ಸಿಟ್ಟು, ಸೋಮಾರಿತನ ಎಲ್ಲವೂ ಗೊತ್ತಿರುವವನು ಅವನೊಬ್ಬನೇ ಎಂದು ಗಾಡಿ ಕೊಂಡವರೂ ಅವನನ್ನೇ ಕೇಳಿ ಇಟ್ಟುಕೊಳ್ಳುತ್ತಾರೆ. ಗಾಡಿ ಗುಜರಿಗೆ ಹೋದರೆ ಮಾತ್ರ ಅವನೂ ಬೀದಿಗೆ. ಐವತ್ತು ದಾಟಿದವನಿಗೆ ಬೇರೆ ಯಾರೂ ಹೊಸ ಗಾಡಿ ಕೊಡುವುದಿಲ್ಲ.

"ಪಂಪ್ ಹೊಸಾದು ಹಾಕ್ಸೀನಿ, ಸೆನ್ಸರ್ ಹಾಕ್ಸೀನಿ, ವೈರ್ ಪೂರಾ ಬದಲಾಸೀನಿ. ಆದ್ರೂ ಅದ ಕೋಡ್ ಬರ್ತೈತಿ. ಇನ್ನ ನನ್ನ ತಲಿ ಒಂದ್ ಬದಲಾಸೂದು ಉಳದೈತಿ ನೋಡ್ರಿ," ಎಂದರು ಕಂಠಿ.

ಕಂಠಿಯವರ ಗೋಳು ಆ ವ್ಯಾಪಾರದವರೆಲ್ಲರ ಗೋಳು. ಯಂತ್ರದ ಎಲೆಕ್ಟ್ರಾನಿಕ್ ಮಿದುಳು ತನಗೆ ನೋವಾದ ಜಾಗಕ್ಕೆ ಒಂದು ಸಂಖ್ಯೆ ಕೊಟ್ಟು ಪರದೆಯ ಮೇಲೆ ತೋರಿಸುತ್ತದೆ. ಪುಸ್ತಕದ ಭಾಷೆಯಲ್ಲಿ ಅದು ದೋಷಸಂಕೇತ, ಯಾರ್ಡಿನ ಭಾಷೆಯಲ್ಲಿ ಕೋಡ್. ಅದು ಎಲ್ಲಿ ನೋವು ಎಂದು ಹೇಳುತ್ತದೆಯೇ ಹೊರತು ಯಾಕೆ ಎಂದು ಹೇಳುವುದಿಲ್ಲ. ಎಣ್ಣೆಯ ಒತ್ತಡ ಏರುಪೇರಾಗಿದೆ ಎಂದರೆ ಪಂಪು ಸೋತಿರಬಹುದು, ಸೆನ್ಸರ್ ಸತ್ತಿರಬಹುದು, ಇಲಿ ವೈರು ಕಡಿದಿರಬಹುದು. ಹಿಂದೆಲ್ಲ ಮಾರುವವರು ಕೋಡ್ ಅಳಿಸಿ, ಮೇಲೊಂದು ಕೈ ಹಳದಿ ಬಣ್ಣ ಬಳಿದು ಗಿರಾಕಿಯ ತಲೆಗೆ ಕಟ್ಟುತ್ತಿದ್ದರು.

ವತ್ಸಲಾ ಅವರ ಶೋಧಕ ಆ ಆಟವನ್ನೆಲ್ಲ ನಿಲ್ಲಿಸಿತು. ಯಂತ್ರ ಹುಟ್ಟಿದ ದಿನದಿಂದ ಅದರೊಳಗೆ ಉಳಿದ ಒತ್ತಡ, ಉಷ್ಣತೆ, ಕಂಪನಗಳ ಗುರುತುಗಳನ್ನೆಲ್ಲ ಅದು ಓದುತ್ತದೆ. ಅಳಿಸಿದ ಕೋಡುಗಳನ್ನೂ ಹೆಕ್ಕಿ ತೆಗೆಯುತ್ತದೆ. ಒಂದು ಕಾರಣ ಸಿಕ್ಕಿದರೆ, ಅದಕ್ಕೆ ಕಾರಣವೇನು ಎಂದು ಮತ್ತೆ ಹಿಂದಕ್ಕೆ ಹೋಗುತ್ತದೆ. ಶೋಧಕದ ಪ್ರಮಾಣಪತ್ರ ಇಲ್ಲದೆ ಯಾವ ಹಳೆಯ ಯಂತ್ರವನ್ನೂ ಮಾರಕೂಡದೆಂದು ಕಾನೂನು ಬಂದಿತ್ತು. ಪತ್ರದ ಒಂದಕ್ಷರವನ್ನೂ ಮನುಷ್ಯರು ತಿದ್ದಕೂಡದೆಂದು ಹಟ ಹಿಡಿದು ಆ ಕಾನೂನಿನಲ್ಲಿ ಸೇರಿಸಿದವರು ಸ್ವತಃ ವತ್ಸಲಾ. ಮನುಷ್ಯರ ಬಗ್ಗೆ ಅವರಿಗೆ ಅಷ್ಟು ಅಪನಂಬಿಕೆ, ಡಬ್ಬಿಯ ಬಗ್ಗೆ ಅಷ್ಟು ನಂಬಿಕೆ.

ಡಬ್ಬಿ ಬಾಯಿ ಬಿಟ್ಟಿತು. ವಾರ್ತೆ ಓದುವವರ ಶುದ್ಧ ಕನ್ನಡ.

"ಸಂಕೇತದ ಕಾರಣ ಯಂತ್ರದಲ್ಲಿಲ್ಲ. ಲಿವರ್ ಹಿಡಿಯುವ ಬಲಗೈ ನಡುಗುತ್ತಿರುವುದರಿಂದ ಎಣ್ಣೆಯ ಒತ್ತಡ ಏರುಪೇರಾಗುತ್ತಿದೆ. ಯಂತ್ರ ನಿರ್ದೋಷಿ."

ಕಂಠಿಯವರ ಮುಖ ಅರಳಿತು. ದಾವಲಸಾಬ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಎರಡು ವರ್ಷದಿಂದ ಅವನ ಅಂಗಿಯ ಗುಂಡಿಗಳನ್ನು ಹೆಂಡತಿಯೇ ಹಾಕುತ್ತಿದ್ದಳು. ಅದು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ಮನಿಯಷ್ಟ್ ದೊಡ್ಡ ಕಲ್ಲು ಒಂದ್ ಬಿರುಕು ಬಿಡದಂಗ ಇಳಿಸಿದ ಕೈರಿ ಇದು," ಎಂದ.

"ಶೋಧಕ ಸುಳ್ಳು ಹೇಳೂದಿಲ್ಲ ದಾವಲಸಾಬರ," ಎಂದರು ವತ್ಸಲಾ, ಸಮಾಧಾನದ ದನಿಯಲ್ಲಿ.

"ಸುಳ್ಳು ಅನ್ನಂಗಿಲ್ರಿ ಮೇಡಂ. ಆದ್ರ ನಿಮ್ಮ ಡಬ್ಬಿ ಎಲ್ಲಾದಕ್ಕೂ ಯಾಕ ಅಂತ ಕೇಳ್ತೈತಲ್ಲ, ನನ್ನ ಕೈ ಯಾಕ ನಡಗತೈತಿ ಅಂತನೂ ಒಂದ್ಸಲ ಕೇಳ್ರಲ್ಲ."

ಪ್ರಶ್ನೆ ನ್ಯಾಯವಾದದ್ದು. ಅದು ತಮಗೆ ಹೊಳೆಯಲಿಲ್ಲವೆಂದು ವತ್ಸಲಾ ಅವರಿಗೆ ನಾಚಿಕೆಯಾಯಿತು. ಕೇಳಿದರು. ಈ ಸಲ ಡಬ್ಬಿ ತುಂಬ ಹೊತ್ತು ತೆಗೆದುಕೊಂಡಿತು.

"ಚಾಲಕನ ಕೋಣೆಯನ್ನು ಹೊತ್ತ ರಬ್ಬರುಗಳು ಬಹಳ ವರ್ಷಗಳ ಹಿಂದೆಯೇ ಹರಿದಿವೆ. ಎಂಜಿನ್ನಿನ ಕಂಪನ ನೇರವಾಗಿ ಕೈಗೆ ತಲುಪಿ ನರಗಳು ಸೋತಿವೆ. ಯಂತ್ರವು ಪ್ರತಿದಿನವೂ ಕಂಪನದ ಸಂಕೇತ ನೀಡಿದೆ. ಪ್ರತಿದಿನವೂ ಅದನ್ನು ಅಳಿಸಲಾಗಿದೆ. ಅಳಿಸಿದವರು, ಚಾಲಕ. ಮೂಲ ಕಾರಣ, ಚಾಲಕ."

ವತ್ಸಲಾ ತಿರುಗಿ ನೋಡಿದರು. "ನೀವ ಅಳಿಸ್ತಿದ್ರೇನು?"

"ಹೌದ್ರಿ. ದಿನಾ ಮುಂಜಾನೆ ಚಾ ಕುಡದು ಗಾಡಿ ಹತ್ತಿದ್ರ ಮೊದಲ್ನೇ ಕೆಲಸಾನ ಅದು. ಕೋಡ್ ಇದ್ರ ಗಾಡಿ ಅರ್ಧಾ ಸ್ಪೀಡಿಗೆ ಬರ್ತಿತ್ತು. ಕ್ವಾರಿ ಸಾಹೇಬ್ರು ಜೀಪ್ ನಿಲ್ಲಿಸಿ ಹೇಳಿದ್ರು, ಕೆಂಪ್ ಲೈಟ್ ನನ್ನ ಕಣ್ಣಿಗೆ ಬೀಳಬಾರ್ದು, ಅಳಿಸಾಕ ಬರದಿದ್ರ ಮನಿಗೆ ನಡಿ ಅಂತ. ರಬ್ಬರ್ ಹಾಕ್ಸ್ರಿ ಅಂತ ನಾನೂ ಕೇಳಿದ್ನಿ. ಗಾಡಿ ನಿಲ್ಲಿಸಾಕ ಪುರಸತ್ ಇಲ್ಲ ಅಂದ್ರು."

"ಅದನ್ನ ಬರವಣಿಗೆಯಲ್ಲಿ ಕೊಟ್ಟಾರೇನು?"

"ಇಂಥಾದ್ದನ್ನ ಯಾರರ ಬರದ್ ಕೊಡ್ತಾರೇನ್ರಿ ಮೇಡಂ?"

ವತ್ಸಲಾ ಯಂತ್ರದ ಕಡೆ ನೋಡಿದರು. ಯಂತ್ರದೊಳಗೆ ಎಣ್ಣೆಯ ಬಿಸಿಗೆ ಸೆನ್ಸರ್ ಇತ್ತು, ಗಾಳಿಯ ಧೂಳಿಗೆ ಇತ್ತು, ಸೀಟಿನ ಮೇಲೆ ಕುಳಿತವನ ತೂಕಕ್ಕೂ ಇತ್ತು. ಕ್ವಾರಿಯ ಅಂಚಿನಲ್ಲಿ ಜೀಪು ನಿಲ್ಲಿಸಿ ಆಡಿದ ಮಾತಿಗೆ ಯಾವ ಸೆನ್ಸರೂ ಇರಲಿಲ್ಲ. ಹೀಗಾಗಿ ಶೋಧಕ ಎಷ್ಟೇ ಹಿಂದಕ್ಕೆ ಹೋದರೂ ಯಂತ್ರವನ್ನು ಮುಟ್ಟಿದ ಕೊನೆಯ ಕೈಗೆ ಬಂದು ನಿಂತುಬಿಡುತ್ತಿತ್ತು. ಹೇಳಿದ ಬಾಯಿ ಅದರ ಪಾಲಿಗೆ ಹುಟ್ಟಿಯೇ ಇರಲಿಲ್ಲ. ತಾವು ಮೆರೆಸಿದ ಸತ್ಯದ ಯೋಗ್ಯತೆ ಇಷ್ಟೇ ಎಂದು ಗೊತ್ತಾದಾಗ ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಬಂತು.

"ಕಂಠಿಯವರ, ಆ ರಬ್ಬರ್ ಆದ್ರೂ ಬದಲಾಯಿಸಿ ಮಾರ್ರಿ," ಎಂದರು.

"ಯಾಕ್ರಿ? ಯಂತ್ರ ನಿರ್ದೋಷಿ ಅಂತ ನಿಮ್ಮ ಡಬ್ಬೀನ ಹೇಳೇತಿ. ಮೂಲ ಕಾರಣ ಚಾಲಕ ಅಂದಮ್ಯಾಲ ಚಾಲಕನ್ನ ಬದಲಾಸಬೇಕು. ರಬ್ಬರ್ ಯಾಕ ಬದಲಾಸ್ಲಿ?"

ಕಂಠಿಯವರ ಕೈಗೆ ಪ್ರಮಾಣಪತ್ರ ಆಗಲೇ ಬಂದಿತ್ತು. ಅದರ ಪ್ರತಿಗಳು ಸುತ್ತಲಿನ ಎಲ್ಲ ಕ್ವಾರಿಗಳಿಗೂ ತಾವಾಗಿಯೇ ತಲುಪಿದ್ದವು. ದಾವಲಸಾಬನನ್ನು ಇನ್ನು ಯಾರೂ ಗಾಡಿ ಹತ್ತಿಸುವ ಹಾಗಿರಲಿಲ್ಲ. ವತ್ಸಲಾ ಅಂದೇ ಮೇಲಿನವರಿಗೆ ಆಕ್ಷೇಪ ಕಳಿಸಿದರು. ಪತ್ರವನ್ನು ಮನುಷ್ಯರು ತಿದ್ದಕೂಡದೆಂಬ ನಿಯಮವನ್ನು ತೋರಿಸಿ ಮೇಲಿನವರು ಅದನ್ನು ಮರ್ಯಾದೆಯಿಂದಲೇ ವಾಪಸು ಕಳಿಸಿದರು.

ವಾರದೊಳಗೆ ಗಾಡಿಗೆ ಒಳ್ಳೆಯ ಗಿರಾಕಿ ಸಿಕ್ಕಿದ. ಆಪರೇಟರ್ ಬೇಡವೆಂದ, ತನ್ನವನನ್ನೇ ಕಳಿಸಿದ. ಬಂದವನು ಕುಷ್ಟಗಿ ಕಡೆಯ ಯಮನೂರಪ್ಪ, ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಹಳೆಯ ಆಪರೇಟರ್ ಹೊಸಬನ ಕೈಗೆ ಕೀಲಿ ಕೊಡಬೇಕೆಂಬ ರೂಢಿಯಂತೆ ದಾವಲಸಾಬ ಬಂದಿದ್ದ. ಕ್ಷಮೆ ಕೇಳಬೇಕೆಂದು ವತ್ಸಲಾ ಬಂದಿದ್ದರು. ಹೇಗೆ ಕೇಳುವುದೆಂದು ತಿಳಿಯದೆ ದೂರದಲ್ಲೇ ನಿಂತಿದ್ದರು.

ಯಮನೂರಪ್ಪ ಸೀಟಿನ ಮೇಲೆ ಕುಳಿತು ಗಾಡಿ ಚಾಲೂ ಮಾಡಿದ. ಕೋಣೆ ಗಡಗಡ ಅಲುಗಿತು. ಕೆಂಪು ದೀಪ ಹೊತ್ತಿತು. ಅವನು ಪರದೆಯ ಕಡೆ ನೋಡಲೂ ಇಲ್ಲ, ಹೆಬ್ಬೆರಳು ತಾನಾಗಿಯೇ ಕೋಡ್ ಅಳಿಸುವ ಗುಂಡಿಯನ್ನು ಒತ್ತಿ ಹಿಡಿಯಿತು. ದೀಪ ಆರಿತು.

ದಾವಲಸಾಬ ಏಣಿ ಹಿಡಿದು ಮೇಲಕ್ಕೆ ಬಾಗಿದ. "ತಮ್ಮಾ, ಅದನ್ನ ಅಳಿಸಬ್ಯಾಡೋ. ಅಳಿಸಿ ಅಳಿಸೀನ ನನ್ನ ಕೈ ಹಿಂಗಾಗೇತಿ."

"ಗೊತ್ತೈತ್ರಿ ಕಾಕಾ. ಅಳಿಸಲಿಲ್ಲಂದ್ರ ನಾಳೀನ ಹೊರಗ ಹಾಕ್ತಾರ. ಅಳಿಸಿದ್ರ ಹತ್ತು ವರ್ಷ ಆದಮ್ಯಾಲ ಹಾಕ್ತಾರ. ಯಾವದು ಬೇಕು, ನೀವ ಹೇಳ್ರಿ."

ದಾವಲಸಾಬ ವತ್ಸಲಾ ಅವರ ಕಡೆ ನೋಡಿದ. ಓದಿದವರು, ಏನಾದರೂ ಹೇಳಬಹುದೆಂದು ಕಾದ. ಅವರು ತಲೆ ತಗ್ಗಿಸಿದರು.

ಅವನು ಮತ್ತೆ ಮೇಲಕ್ಕೆ ಮುಖ ಎತ್ತಿದ. ಎಂಜಿನ್ನಿನ ಸದ್ದಿಗೆ ಕೇಳಿಸಲೆಂದು ದನಿ ಏರಿಸಿ ಹೇಳಿದ:

"ಸೀಟಿನ ಮ್ಯಾಲ ಒಂದು ಕೌದಿ ಮಡಚಿ ಹಾಕ್ಕೊ. ಲಿವರಿಗೆ ಹಳೇ ಅರಿವಿ ಸುತ್ತು. ನಡುಕ ಸ್ವಲ್ಪ ತಡದು ಬರ್ತೈತಿ."